ನಲವತ್ತೊಂದನೆಯ ಸರದಿ

“ಗುರುಗಳೇ, ಊರು ತನ್ನದಲ್ಲದ ಮಗುವಿಗೆ ವಿದ್ಯೆ ಕಲಿಸಿ ಏನು ಫಲ?”

ಕೇಳಿದವನು ಆಶ್ರಮದ ಶಾಲೆಯಲ್ಲಿ ಪಾಠ ಹೇಳುವ ಶಿಷ್ಯ. ಅವನ ತೊಡೆಯ ಮೇಲೆ ಪರೀಕ್ಷೆಗೆ ಕೂರುವ ಮಕ್ಕಳ ಪಟ್ಟಿ ಇತ್ತು. ಮರುದಿನ ಅದನ್ನು ಕಳಿಸಬೇಕಾಗಿತ್ತು. ಇಟ್ಟಿಗೆ ಗೂಡಿನಲ್ಲಿ ದುಡಿಯಲು ಗಡಿಯಾಚೆಯಿಂದ ಬಂದವರ ಮಗಳೊಬ್ಬಳು ಏಳು ವರ್ಷ ಅವನ ಬಳಿ ಓದಿದ್ದಳು. ಎಲ್ಲರಿಗಿಂತ ಚೆನ್ನಾಗಿ ಓದಿದ್ದಳು. ಆದರೆ ಅವಳು ಎಲ್ಲಿಯವಳೆಂದು ಹೇಳುವ ಒಂದು ಕಾಗದವೂ ಅವಳಲ್ಲಿರಲಿಲ್ಲ.

“ಪಾಸಾದರೂ ಮುಂದಿನ ಬಾಗಿಲು ಅವಳಿಗೆ ತೆರೆಯುವುದಿಲ್ಲ,” ಎಂದ ಶಿಷ್ಯ. “ಇಲ್ಲದ ಆಸೆ ಹುಟ್ಟಿಸುವ ಬದಲು ಪಟ್ಟಿಯಿಂದ ಹೆಸರು ಬಿಟ್ಟುಬಿಡುವುದೇ ಕರುಣೆ ಎನಿಸುತ್ತದೆ.”

ಗುರುಗಳು ಅವರೆಕಾಯಿ ಸುಲಿಯುತ್ತಿದ್ದರು. ಸುಲಿಯುತ್ತಲೇ ಹೇಳತೊಡಗಿದರು.

ಒಂದು ಊರಿನಲ್ಲಿ ಒಂದು ಕೆರೆ. ಕೆರೆಯ ಕೆಳಗೆ ನಲವತ್ತು ಮನೆಯವರ ಗದ್ದೆ. ನೀರು ಕಡಿಮೆ, ಬಾಯಿ ಹೆಚ್ಚು. ಅದಕ್ಕಾಗಿ ಹಿರಿಯರು ನೀರಿಗೆ ಸರದಿ ಮಾಡಿದ್ದರು. ತೂಬಿನ ಪಕ್ಕದ ಕಲ್ಲಿನಲ್ಲಿ ನಲವತ್ತು ಮನೆಗಳ ಹೆಸರನ್ನೂ ಯಾರಿಗೆ ಎಷ್ಟು ಗಳಿಗೆ ನೀರು ಎಂಬುದನ್ನೂ ಕೆತ್ತಿಸಿದ್ದರು.

ಗಳಿಗೆ ಅಳೆಯಲು ಒಂದು ತಾಮ್ರದ ಬಟ್ಟಲಿತ್ತು. ಅದರ ತಳದಲ್ಲಿ ಸಣ್ಣ ತೂತು. ನೀರು ತುಂಬಿದ ಹಂಡೆಯಲ್ಲಿ ತೇಲಿಬಿಟ್ಟರೆ ಅದು ಮೆಲ್ಲಗೆ ತುಂಬಿ ಮುಳುಗುತ್ತದೆ. ಒಮ್ಮೆ ಮುಳುಗಿದರೆ ಒಂದು ಗಳಿಗೆ. ಬಟ್ಟಲು ನೋಡಿಕೊಂಡು ಒಬ್ಬರ ಗದ್ದೆಗೆ ನೀರು ನಿಲ್ಲಿಸಿ ಇನ್ನೊಬ್ಬರ ಗದ್ದೆಗೆ ಬಿಡುವವನು ನೀರುಗಂಟಿ. ನೀರುಗಂಟಿಗೆ ಕೆರೆಯ ಕೆಳಗೆ ಅಂಗೈಯಗಲ ಗದ್ದೆಯೂ ಇರಕೂಡದು. ಅದು ಆ ಊರಿನ ಕಟ್ಟಳೆ. ಸ್ವಂತ ಗದ್ದೆ ಇರುವವನ ಕಣ್ಣು ಬಟ್ಟಲಿನ ಮೇಲೆ ನಿಲ್ಲುವುದಿಲ್ಲ ಎಂದು ಹಿರಿಯರು ಬಲ್ಲವರಾಗಿದ್ದರು.

ಬೇಸಿಗೆಯಲ್ಲಿ ನೀರು ತಳ ಹಿಡಿದಾಗ ಕೆರೆಯಂಚಿನ ಹೂಳು ಹೊರಲು ಹೊರಗಿನವರು ಬರುತ್ತಿದ್ದರು. ಏರಿಯ ಮೇಲೆ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಮೊದಲ ಮಳೆ ಬಿದ್ದ ದಿನ ಗುಡಿಸಲು ಕಿತ್ತು ಹೊರಡಬೇಕು. ಅದೂ ಕಟ್ಟಳೆಯೇ.

ಒಂದು ವರ್ಷ ಹಾಗೆ ಬಂದವರಲ್ಲಿ ಒಬ್ಬ ಹೆಂಗಸಿದ್ದಳು, ಜೊತೆಗೆ ಅವಳ ಒಂಬತ್ತು ವರ್ಷದ ಮಗಳು. ಹೊಳೆ ದಿಕ್ಕು ಬದಲಿಸಿ ಅವಳ ಊರನ್ನು ನುಂಗಿತ್ತು. ಮಳೆ ಬಿದ್ದರೆ ಹಿಂದಿರುಗಿ ಹೋಗಲು ಉಳಿದವರಿಗೆ ಒಂದೊಂದು ಊರಿತ್ತು. ಇವಳಿಗೆ ಇರಲಿಲ್ಲ. ಮೋಡ ಕಂಡರೆ ನಲವತ್ತು ಮನೆಗಳಿಗೂ ಸಂತೋಷ. ಇವಳೊಬ್ಬಳಿಗೆ ಭಯ.

ಅವಳು ಹೂಳು ಹೊರುವಾಗ ಮಗಳು ನೀರುಗಂಟಿಯ ಬಳಿ ಕೂರುತ್ತಿದ್ದಳು. ನೀರುಗಂಟಿ ಮುದುಕ, ಮಕ್ಕಳಿಲ್ಲದವನು. ಕಣ್ಣು ಮಂಜಾಗಿತ್ತು. ಊರಿನಲ್ಲಿ ಗದ್ದೆಯಿಲ್ಲದವರು ಇನ್ನಾರೂ ಇಲ್ಲದ್ದರಿಂದ ಅವನು ನಲವತ್ತು ಮನೆಗಳ ಮಕ್ಕಳಿಗೇ ಕಲಿಸಿ ನೋಡಿದ್ದ. ತಮ್ಮ ಮನೆಯ ಸರದಿ ಬಂದಾಗ ಅವರು ತೂತಿಗೆ ಚೂರು ಮೇಣ ಮೆತ್ತುತ್ತಿದ್ದರು. ಬಟ್ಟಲು ತಡವಾಗಿ ಮುಳುಗುತ್ತಿತ್ತು.

ಮುದುಕ ಈ ಹುಡುಗಿಯ ಕೈಗೆ ಬಟ್ಟಲು ಕೊಟ್ಟ. ಬೆಳಿಗ್ಗೆ ಹುಣಸೆಹಣ್ಣು ಹಾಕಿ ತಿಕ್ಕುವುದನ್ನು, ಕುದುರೆಬಾಲದ ಕೂದಲಿನಿಂದ ತೂತು ಬಿಡಿಸುವುದನ್ನು, ಗಳಿಗೆಗೊಂದರಂತೆ ಹಗ್ಗಕ್ಕೆ ಗಂಟು ಹಾಕುವುದನ್ನು ಕಲಿಸಿದ. ಸರದಿ ಕೂಗಬೇಕಲ್ಲ, ಅದಕ್ಕೆ ಕಲ್ಲಿನ ಮೇಲಿನ ಅಕ್ಷರವನ್ನೂ ಕಲಿಸಿದ. ಅವಳು ಓದಲು ಕಲಿತ ಮೊದಲ ನಲವತ್ತು ಮಾತುಗಳೂ ಬೇರೆಯವರ ಹೆಸರುಗಳು.

ಊರಿನ ಗೌಡ ಇದನ್ನು ಕಂಡು ನಕ್ಕ. “ಏನಯ್ಯಾ, ಹಸುವೇ ಇಲ್ಲದವಳಿಗೆ ಹಾಲು ಕರೆಯಲು ಕಲಿಸುತ್ತಿದ್ದೀಯಲ್ಲ!”

“ಹಸು ಇದ್ದವರಿಗೂ ಕಲಿಸಿದೆ ಗೌಡರೇ,” ಎಂದ ಮುದುಕ. “ಅವರು ಮೊದಲು ಕಲಿತದ್ದು ಹಾಲಿಗೆ ನೀರು ಬೆರೆಸುವುದನ್ನು.”

ಮಗಳು ಕಲಿಯುವುದು ತಾಯಿಗೂ ಇಷ್ಟವಿರಲಿಲ್ಲ. ಹೊರಗಿನವರು ಕಣ್ಣಿಗೆ ಬೀಳಬಾರದು ಎಂಬುದು ಅವಳಿಗೆ ಬಂದ ಒಂದೇ ವಿದ್ಯೆ. “ತಲೆ ತಗ್ಗಿಸಿ ಬುಟ್ಟಿ ಹೊರು. ಬುಟ್ಟಿ ಹೊತ್ತವರ ಹೆಸರನ್ನು ಯಾರೂ ಕೇಳುವುದಿಲ್ಲ,” ಎನ್ನುತ್ತಿದ್ದಳು. ಮಗಳು ಹೂಂ ಎನ್ನುತ್ತಿದ್ದಳು. ಮತ್ತೆ ಹೋಗಿ ಬಟ್ಟಲಿನ ಮುಂದೆ ಕೂರುತ್ತಿದ್ದಳು.

ಮಳೆಗಾಲಕ್ಕೆ ವಾರವಿರುವಾಗ ಮುದುಕ ಸತ್ತ. ಮೊದಲ ಮಳೆ ಬಿತ್ತು. ತಳವಾರ ಗುಡಿಸಲುಗಳನ್ನು ಒಂದೊಂದಾಗಿ ಕೀಳಿಸುತ್ತಾ ಬಂದ. ಕೊನೆಯ ಗುಡಿಸಲಿನ ಮುಂದೆ ಗೌಡ ಅವನ ಕೈ ತಡೆದ. ಗದ್ದೆಯಿಲ್ಲದೆ ಬಟ್ಟಲು ಬಲ್ಲವರು ಆ ಗುಡಿಸಲಿನ ಹುಡುಗಿಯನ್ನು ಬಿಟ್ಟರೆ ಇನ್ನಿರಲಿಲ್ಲ.

“ಈ ವರ್ಷಕ್ಕೆ ಇರಲಿ,” ಎಂದ ಗೌಡ.

ತಾಯಿ ಆ ಮಾತನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡಂತೆ ಒಂದು ವರ್ಷ ಕಾಪಾಡಿದಳು. ಮರುವರ್ಷದ ಮೊದಲ ಮಳೆಗೆ ಗೌಡ ಮತ್ತೆ ಬಂದ, ಮತ್ತೆ ಅದೇ ಮಾತು ಹೇಳಿದ. ಹೀಗೆ ಏಳು ಮಳೆಗಾಲ ಕಳೆದವು. ಹುಡುಗಿ ಬಟ್ಟಲು ಹಿಡಿದ ಮೇಲೆ ತೂಬಿನ ಬಳಿ ಒಬ್ಬರ ಮೇಲೊಬ್ಬರು ಗುದ್ದಲಿ ಎತ್ತಿದ್ದಿಲ್ಲ.

ತಾಯಿ ತಾನು ಹೊತ್ತ ಹೂಳನ್ನು ಏರಿಯ ಕೆಳಗಿನ ಒಂದು ತಗ್ಗಿಗೆ ಸುರಿಯುತ್ತಿದ್ದಳು. ಯಾರದೂ ಅಲ್ಲದ, ಯಾರೂ ಗದ್ದೆಯೆಂದು ಎಣಿಸದ ಕಲ್ಲುತಗ್ಗು ಅದು. ಏಳು ವರ್ಷದಲ್ಲಿ ಅಲ್ಲಿ ಹದಿನಾರು ಹೆಜ್ಜೆ ಅಗಲದ ಕಪ್ಪು ಮಣ್ಣಿನ ಮಡಿಯಾಯಿತು. ಅದರಲ್ಲಿ ಅವಳು ಕೀರೆ, ದಂಟು ಬಿತ್ತಿದಳು. ಆ ಬೇಸಿಗೆಯಲ್ಲಿ ಸೊಪ್ಪು ಬಾಡತೊಡಗಿತು.

“ಗೌಡರ ಸರದಿಯಲ್ಲಿ ನಾಲ್ಕು ಕೊಡ ಇತ್ತ ತಿರುಗಿಸೇ. ಅವರ ಗದ್ದೆಯೇನೂ ಬಡವಾಗುವುದಿಲ್ಲ,” ಎಂದಳು ಮಗಳಿಗೆ.

“ಅದು ಅವರ ಗಳಿಗೆ, ಅವ್ವ.”

“ಹಾಗಾದರೆ ನಮ್ಮದು ಯಾವುದೇ?”

ಮಗಳು ಹೋಗಿ ಬಟ್ಟಲಿನ ಮುಂದೆ ಕೂತಳು. ಸೊಪ್ಪು ಒಣಗಿತು. ತಾಯಿ ಎರಡು ದಿನ ಮಗಳೊಂದಿಗೆ ಮಾತು ಬಿಟ್ಟಳು.

ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮೊದಲು, ನಲವತ್ತು ಮನೆಯವರೂ ತೂಬಿನ ಬಳಿ ಸೇರುವರು. ನೀರುಗಂಟಿ ಕಲ್ಲನ್ನು ಓದಬೇಕು. ಹೆಸರು ಕೂಗಿದಾಗ ಆ ಮನೆಯವರು ‘ಹೌದು’ ಎನ್ನಬೇಕು. ಆ ವರ್ಷ ಹುಡುಗಿ ನಲವತ್ತು ಹೆಸರನ್ನೂ ಓದಿದಳು. ನಲವತ್ತು ‘ಹೌದು’ ಬಂದವು. ಜನ ಎದ್ದು ಪಂಚೆ ಕೊಡವಿಕೊಂಡರು.

“ನಲವತ್ತೊಂದನೆಯದು,” ಎಂದಳು ಹುಡುಗಿ. “ಏರಿಯ ಮೇಲಿನ ಗುಡಿಸಲು. ಒಂದು ಗಳಿಗೆ.”

ತಾಯಿ ತನ್ನ ಕಿವಿ ಸುಳ್ಳಾಗಲಿ ಎಂದುಕೊಂಡಳು.

“ಕಲ್ಲಿನಲ್ಲಿ ಎಲ್ಲಿದೆಯಮ್ಮಾ ಅದು, ಬೆನ್ನಿನ ಕಡೆಯೇ?” ಎಂದು ಒಬ್ಬ ಕೇಳಿದ. ಎಲ್ಲರೂ ನಕ್ಕರು.

“ಕಲ್ಲಿನಲ್ಲಿಲ್ಲ, ನೀರಿನಲ್ಲಿದೆ,” ಎಂದಳು. “ಒಬ್ಬರ ಗದ್ದೆಗೆ ನೀರು ಬಿಡುವ ಮಡೆ ಮುಚ್ಚಿ ಇನ್ನೊಬ್ಬರ ಮಡೆ ತೆರೆಯುವಷ್ಟರಲ್ಲಿ ಸ್ವಲ್ಪ ನೀರು ಹಳ್ಳಕ್ಕೆ ಹೋಗುತ್ತದೆ. ನಲವತ್ತು ಮನೆಗಳ ಒಂದು ಸುತ್ತು ಮುಗಿಯುವಾಗ ಅದೆಲ್ಲ ಕೂಡಿ ಒಂದು ಗಳಿಗೆ. ಏಳು ವರ್ಷ ಅಳೆದಿದ್ದೇನೆ. ನಿಮ್ಮ ಪಾಲಿನಲ್ಲಿ ಒಂದು ತೊಟ್ಟೂ ಬೇಡ. ಹಳ್ಳಕ್ಕೆ ಹೋಗುವುದನ್ನು ನಮ್ಮ ಅವ್ವ ಹೊತ್ತು ಹಾಕಿದ ಮಣ್ಣಿಗೆ ಕೊಡಿ. ಹೆಸರು ಕೆತ್ತಿಸಿ.”

ನಗು ನಿಂತಿತು. ಲೆಕ್ಕ ತಪ್ಪೆಂದು ಯಾರೂ ಹೇಳಲಿಲ್ಲ. ಅವಳ ಲೆಕ್ಕ ತಪ್ಪುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಕಷ್ಟವಾದದ್ದೂ ಅದೇ.

ಗೌಡ ಸಮಾಧಾನವಾಗಿಯೇ ಹೇಳಿದ. “ನೋಡು ಮಗಳೇ, ಹೆಸರು ಕಲ್ಲಿಗೆ ಬಂದರೆ ನೀನು ಗದ್ದೆಯವಳಾಗುತ್ತೀಯ. ಗದ್ದೆಯವಳು ಬಟ್ಟಲು ಮುಟ್ಟುವ ಹಾಗಿಲ್ಲ. ನಿನಗೆ ಏನೂ ಇಲ್ಲವೆಂದೇ ನಿನ್ನನ್ನು ಇಟ್ಟುಕೊಂಡಿರುವುದು.”

“ಗೊತ್ತು ಗೌಡರೇ. ನನ್ನ ಒಂದು ಗಳಿಗೆಯನ್ನು ನಾನು ಅಳೆಯುವುದಿಲ್ಲ. ಆಗ ಬಟ್ಟಲು ನಿಮ್ಮ ಮಗಳ ಕೈಯಲ್ಲಿರಲಿ. ನಾನೇ ಅವಳಿಗೆ ಕಲಿಸುತ್ತೇನೆ.”

“ನನ್ನ ಮಗಳು ನಿನ್ನ ಮುಂದೆ ಪಾಠಕ್ಕೆ ಕೂರಬೇಕೇ?”

ಹುಡುಗಿ ಬಾಗಿದಳು. ಬಟ್ಟಲನ್ನು ಹಂಡೆಯಿಂದ ಎತ್ತಿ, ಒರೆಸಿ, ಹೆಸರಿನ ಕಲ್ಲಿನ ಮೇಲೆ ಬೋರಲಾಗಿ ಇಟ್ಟಳು.

ಗೌಡ ತಾಯಿಯ ಕಡೆಗೆ ತಿರುಗಿದ. “ಇವಳಿಗೆ ನೀನಾದರೂ ಬುದ್ಧಿ ಹೇಳಮ್ಮ. ಮೋಡ ಕಟ್ಟುತ್ತಿದೆ.”

ತಾಯಿ ಆಕಾಶ ನೋಡಿದಳು. ಮೋಡ ನಿಜವಾಗಿಯೂ ಕಟ್ಟಿತ್ತು. ಕೈಮುಗಿದು ಬೇಡುವ ಮಾತು ಅವಳ ನಾಲಗೆಯ ತುದಿಗೆ ಬಂತು. ಆಗ ಮಗಳ ಕಡೆ ನೋಡಿದಳು. ಮಗಳು ತಲೆ ತಗ್ಗಿಸಿರಲಿಲ್ಲ. ಸೊಪ್ಪು ಬಾಡತೊಡಗಿದ ದಿನ ತಾನು ಕೇಳಿದ ‘ನಮ್ಮದು ಯಾವುದೇ’ ಎಂಬ ಪ್ರಶ್ನೆ ತಾಯಿಗೆ ನೆನಪಾಯಿತು. ಅದಕ್ಕೆ ಉತ್ತರ ಈಗ ಬಂದಿತ್ತು.

“ನನಗೆ ಬರುವುದು ಮಣ್ಣು ಹೊರಲು, ಗೌಡರೇ,” ಎಂದಳು. “ಲೆಕ್ಕ ಬರುವುದು ಅವಳಿಗೆ.”

ಹೋಗಿ ಮಗಳ ಪಕ್ಕದಲ್ಲಿ ನಿಂತಳು.

ಮೊದಲ ಹನಿ ಬಿತ್ತು. ತಳವಾರ ಗೌಡನ ಮುಖ ನೋಡಿದ. ಗೌಡ ಬಟ್ಟಲು ನೋಡಿದ. ನಲವತ್ತು ಮನೆಯವರಲ್ಲಿ ಅದನ್ನು ಎತ್ತಿಕೊಳ್ಳಲು ಒಬ್ಬರೂ ಮುಂದೆ ಬರಲಿಲ್ಲ. ಒಬ್ಬ ಎತ್ತಿಕೊಂಡರೆ ಉಳಿದ ಮೂವತ್ತೊಂಬತ್ತು ಮನೆಯವರು ಅವನನ್ನು ನಂಬುವವರಲ್ಲ.

ಗುರುಗಳು ಕತೆ ನಿಲ್ಲಿಸಿ ಅವರೆಯ ಸಿಪ್ಪೆಯನ್ನು ಒತ್ತಟ್ಟಿಗೆ ಮಾಡಿದರು.

ಶಿಷ್ಯ ಕೇಳಿದ. “ಮುಂದೇನಾಯಿತು ಗುರುಗಳೇ? ಹೆಸರು ಕಲ್ಲಿಗೆ ಬಂತೇ, ಅಥವಾ ಗುಡಿಸಲು ಕಿತ್ತರೇ?”

ಗುರುಗಳು ಅವನ ತೊಡೆಯ ಮೇಲಿನ ಪಟ್ಟಿಯನ್ನು ನೋಡಿದರು.

“ಅವಳ ಪರೀಕ್ಷೆ ಅಲ್ಲಿಗೇ ಮುಗಿಯಿತಪ್ಪ, ಇನ್ನುಳಿದ ಪರೀಕ್ಷೆ ಆ ನಲವತ್ತು ಮನೆಯವರದು.”