ಗಾಜಿಗೆ ಅಳತೆ ಕೊಟ್ಟ ಟೇಪು

ಕಳೆದ ಶ್ರಾವಣದ ಒಂದು ಸೋಮವಾರ, ಹೊಸ ಬಟ್ಟೆ ಅಂಗಡಿಯೊಂದರ ಒಳಾಂಗಣ ಕೆಲಸ ಕಲಿಯಲು ಬಂದಿದ್ದ ಅಳತೆ ಟೇಪು, ಗಾಜು ಕೂರಬೇಕಾದ ಎರಡು ಗೋಡೆಗಳ ನಡುವೆ ನೆಲದ ಮೇಲೆ ಚಾಚಿಕೊಂಡು ಕೂಗಿತು: “ಒಂಬೈನೂರು ಮಿಲಿಮೀಟರ್! ಗಾಜು ಕೊಯ್ಯಲು ಹೇಳಿಬಿಡಿ.”

“ಮೇಲೆ ಅಳೆದೆಯಾ, ಮರಿ?” ಎಂದಿತು ಗೋಡೆಯ ನೇರ ನೋಡುವ ಹಳೆಯ ತೂಕದ ಗುಂಡು.

“ಅದೇ ಗೋಡೆ ತಾನೇ, ಅಜ್ಜ? ನಿಮಗೇನು, ನೇತಾಡುವುದೇ ಕೆಲಸ.”

“ಕಾಯಿಸಿ ಗಟ್ಟಿ ಮಾಡಿದ ಗಾಜನ್ನು ಮತ್ತೆ ಕೊಯ್ಯಲಾಗದು. ಅದು ಹಿಡಿಸದಿದ್ದರೆ ಗಾಜೂ ಗುಜರಿಗೆ, ನೀನೂ ಗುಜರಿಗೆ.”

ಟೇಪು ಸರಸರನೆ ಏರಿ ಚಾವಣಿಯ ಹತ್ತಿರ ಅಳೆಯಿತು, ಇಳಿಯುತ್ತ ನಡುವೆಯೂ ಅಳೆಯಿತು. ಒಂದು ಗೋಡೆ ಮೇಲ್ಭಾಗದಲ್ಲಿ ಒಳಕ್ಕೆ ವಾಲಿತ್ತು; ಅಲ್ಲಿ ಅಗಲ ಕಡಿಮೆ.

“ಮೊದಲ ಅಳತೆ ತಪ್ಪು,” ಎಂದು ಎಲ್ಲರಿಗೂ ಕೇಳುವಂತೆ ಹೇಳಿತು. “ಮೇಲಿನದನ್ನೇ ಹಿಡಿಯಿರಿ.”

“ಈಗ ನೀನು ಕೆಲಸದವನು,” ಎಂದಿತು ಗುಂಡು.

ಗುರುವಾರ ಗಾಜು ಬಂತು, ಸಲೀಸಾಗಿ ಕೂತಿತು. ಅದರ ಅಗಲ ಎಂಟುನೂರ ತೊಂಬತ್ತು ಮಿಲಿಮೀಟರ್.