ಗುಳ್ಳವ್ವನ ಗುಡ್ಡ

ಬಯಲುಸೀಮೆಯ ಆ ಬೋಳುಗುಡ್ಡಕ್ಕೆ ಹೋದವರ ಕಣ್ಣಿಗೆ ಮೊದಲು ಬೀಳುವುದು ಬೇಲಿ. ಗುಡ್ಡದ ಬುಡ ಸುತ್ತಿ ಎದೆಮಟ್ಟ ಬೆಳೆದ ಗುಳ್ಳದ ಪೊದೆಗಳು. ಎಲೆಯ ಮೇಲೂ ಮುಳ್ಳು, ನೇರಳೆ ಹೂವು, ಗೋಲಿಯಷ್ಟು ಹಳದಿ ಕಾಯಿ. ಬದನೆಯ ಬಳಗದ್ದೇ ಆದರೂ ಇದನ್ನು ಯಾರೂ ಅಡುಗೆಮನೆಗೆ ಒಯ್ಯುವುದಿಲ್ಲ. ಮಳೆ ಕೈಕೊಟ್ಟ ವರ್ಷವೂ ಅದು ಜಗ್ಗುವುದಿಲ್ಲ. ಒಳಗೆ ಸೂರಿಲ್ಲದ ಒಂದು ಕಲ್ಲು ನಿಂತಿದೆ, ಅದೇ ಗುಳ್ಳವ್ವ.

ಹಿಂದೆ ಒಮ್ಮೆ ಮಾಳವ್ವನೆಂಬ ಕುರುಬರ ವಿಧವೆ ಈ ಗುಡ್ಡದ ಹುಲ್ಲನ್ನೇ ನಂಬಿ ಕುರಿ ಸಾಕಿಕೊಂಡಿದ್ದಳು. ಆ ಸೀಮೆಯ ದೇಸಾಯಿಗೆ ಅದೇ ಹುಲ್ಲು ತನ್ನ ಕುದುರೆಗಳಿಗೆ ಬೇಕೆನಿಸಿತು. ಕುದುರೆಯ ಹಸಿವು ದೊಡ್ಡದೋ ದೇಸಾಯಿಯ ಆಸೆ ದೊಡ್ಡದೋ, ಬಲ್ಲವರಿಲ್ಲ. ಅವಳ ಕುರಿಹಟ್ಟಿಯ ಒಣಮುಳ್ಳಿನ ಬೇಲಿಯನ್ನು ಸುಡಿಸಿ, ಊರ ಹಿರಿಯರ ಮುಂದೆ, ಬೇರುಬಿಟ್ಟ ಬೇಲಿ ಯಾರದೋ ನೆಲ ಅವರದು, ಇಂದು ಇಲ್ಲಿ ನಾಳೆ ಅಲ್ಲಿ ಎಂದು ಬೇಲಿ ಎಳೆದುಕೊಂಡು ತಿರುಗುವವರಿಗೆ ನೆಲವೆಲ್ಲಿಯದು ಎಂದು ನಕ್ಕನಂತೆ. ನೀರಿಲ್ಲದ ಗುಡ್ಡದಲ್ಲಿ ಅವಳು ಏನು ನೆಟ್ಟಾಳು ಎಂಬ ಧೈರ್ಯ ಅವನಿಗೆ. ಬಂಧುಗಳು ಬೇರೆ ಸೀಮೆಗೆ ಹೋಗೋಣವೆಂದರು. ಮಾಳವ್ವನಿಗೆ ಮೈಯೆಲ್ಲ ಉರಿದುಹೋಯಿತು. ಹುಲ್ಲು ಹೋದರೆ ಮಂದೆ ಹೋಯಿತು, ಮಂದೆ ಹೋದರೆ ತಾನು ಕಂಡವರ ಮನೆಯ ಕಸ ಬಳಿಯಬೇಕು.

ಹಿಂದಿನ ವರ್ಷ ಹಟ್ಟಿ ಹಾಕಿದ್ದ ಕಡೆ, ಕುರಿಗಳ ಹಿಕ್ಕೆಯ ನಡುವೆ ಗುಳ್ಳದ ಸಸಿ ಎದ್ದಿದ್ದನ್ನು ಅವಳು ಕಂಡಿದ್ದಳು. ಆ ಬೇಸಿಗೆಯೆಲ್ಲ ಹಣ್ಣಾದ ಗುಳ್ಳ ಆರಿಸಿ ತಂದು ಕುರಿಗಳಿಗೆ ತಿನ್ನಿಸಿದಳು. ದಿನಕ್ಕಿಷ್ಟು ಸರಿಸುತ್ತ ಗುಡ್ಡದ ಸುತ್ತ ಮಂದೆ ಮಲಗಿಸಿದಳು. ಗಂಡ ಸತ್ತ ಮೇಲೆ ತಲೆ ಕೆಟ್ಟಿದೆ ಎಂದು ಜನ ಆಡಿಕೊಂಡರು. ಮಳೆ ಬಿತ್ತು. ಹಿಕ್ಕೆ ಬಿದ್ದಲ್ಲೆಲ್ಲ ಸಸಿ ಎದ್ದಿತು. ಮರುವರ್ಷ ದೇಸಾಯಿ ಕುದುರೆಗಳೊಡನೆ ಬಂದಾಗ ಸೊಂಟದೆತ್ತರ ಮುಳ್ಳು ಅಡ್ಡ ನಿಂತಿತ್ತು. ಕುದುರೆಗಳು ಮೂಗು ಚುಚ್ಚಿಸಿಕೊಂಡು ಹಿಂದೆ ಸರಿದವು. ಈ ಕಳೆಯನ್ನು ನೆಟ್ಟವರು ಯಾರು ಎಂದು ಅವನು ಗದರಿದ.

ಮಾಳವ್ವ ಬೇಲಿಯಾಚೆಯಿಂದ ಅಲುಗದೆ ಹೇಳಿದಳು: “ನನ್ನ ಕುರಿ ನೆಟ್ಟಾವ್ರೀ ಧಣಿ. ಬೇರು ಕೇಳಿದ್ರಿ, ಐತಿ. ನಿಮ್ಮ ಕೈಲೆ ಕಿತ್ತು ನೋಡ್ರಿ.”

ಊರ ಹಿರಿಯರೂ ಅಲ್ಲಿ ನೆರೆದು ನೋಡುತ್ತಿದ್ದರು. ದೇಸಾಯಿ ಬಗ್ಗಿ ಒಂದು ಗಿಡಕ್ಕೆ ಕೈಹಾಕಿದ. ಅಂಗೈ ರಕ್ತವಾಯಿತು, ಗಿಡ ಮಿಸುಕಲಿಲ್ಲ. ತಾನೇ ಆಡಿದ ಮಾತನ್ನು ನುಂಗಲಾರದೆ ಕುದುರೆ ತಿರುಗಿಸಿದ ಎನ್ನುತ್ತಾರೆ. ಅಂದಿನಿಂದ ಅವಳು ಗುಳ್ಳವ್ವ.

ಇಂದಿಗೂ ಕುರಿಗಾರರು ಇಲ್ಲಿಗೆ ಕಾಯಿ, ಕರ್ಪೂರ ತರುವುದಿಲ್ಲ. ಬೇಲಿಯ ಬುಡಕ್ಕೆ ಒಂದು ಹಿಡಿ ಹಿಕ್ಕೆ ಹಾಕಿ ಒಳಹೋಗುತ್ತಾರೆ. ಈಚೆಗೆ ಒಬ್ಬರು ಶ್ರೀಮಂತರು ಪೊದೆ ಕಡಿಸಿ ಚೆಂದದ ಕಲ್ಲಿನ ಗೋಡೆ ಕಟ್ಟಿಸಿಕೊಡುವೆನೆಂದು ಬಂದಿದ್ದರಂತೆ. ಕಡಿಯುವ ಮೊದಲು ಒಂದನ್ನು ಕೈಯಿಂದ ಕಿತ್ತು ನೋಡಿ ಎಂದರು ಕುರಿಗಾರರು. ಗೋಡೆ ಇನ್ನೂ ಎದ್ದಿಲ್ಲ.