ಉಣ್ಣೆಗುಡ್ಡದ ಹೆಸರು

ಸೀಗೆಹಟ್ಟಿಯಿಂದ ಮೂಡಲಿಗೆ ಎರಡು ಕೂಗಳತೆ ನಡೆದು, ಕರೇಕಲ್ಲು ಹಳ್ಳ ದಾಟಿದರೆ ಎಮ್ಮೆ ಮಲಗಿದ ಹಾಗೆ ಕಾಣುವ ಒಂದು ಗುಡ್ಡ ಸಿಗುತ್ತದೆ. ಎತ್ತರವೇನೂ ಇಲ್ಲ, ಎಲೆಯಡಿಕೆ ಹಾಕಿಕೊಂಡು ಹೊರಟರೆ ಉಗುಳುವುದರೊಳಗೆ ನೆತ್ತಿ ಮುಟ್ಟಬಹುದು. ಮರ ಒಂದೂ ಇಲ್ಲ. ಬುಡದಿಂದ ನೆತ್ತಿಯವರೆಗೆ ಮೊಳಕಾಲುದ್ದದ ಪೊದೆ, ಬೂದಿ ಚೆಲ್ಲಿದಂಥ ಎಲೆ, ತಿಳಿನೇರಳೆ ಹೂವು. ದೂರದಿಂದ ಬಂದವರು ಆಹಾ ಎಂದು ನಿಂತುಬಿಡುತ್ತಾರೆ. ಸ್ವಲ್ಪ ಹೊತ್ತು ನಿಂತ ಮೇಲೆ ಏನೋ ಸರಿಯಿಲ್ಲ ಅನ್ನಿಸತೊಡಗುತ್ತದೆ. ಇಷ್ಟು ಹೂವಿದ್ದರೂ ಒಂದು ಜೇನುನೊಣ ಇಲ್ಲ, ಒಂದು ಚಿಟ್ಟೆ ಇಲ್ಲ, ಮಿಡತೆಯ ಸದ್ದೂ ಇಲ್ಲ. ಗುಡ್ಡದ ಬುಡದಲ್ಲಿ ಯಾರೋ ಪುಣ್ಯಾತ್ಮರು 'ಉಣ್ಣೆಗುಡ್ಡ' ಎಂದು ಫಲಕ ನೆಟ್ಟು, ಪಕ್ಕದಲ್ಲಿ ಒಂದು ದುಂಡನೆಯ ಕುರಿಯ ಚಿತ್ರವನ್ನೂ ಬರೆಸಿದ್ದಾರೆ. ಬರೆಸುವ ಮುಂಚೆ ಹಟ್ಟಿಯವರನ್ನು ಒಂದು ಮಾತು ಕೇಳಬಾರದಿತ್ತೇ? ಕುರಿಯ ಮೈಮೇಲಿನದನ್ನು ಈ ಸೀಮೆಯಲ್ಲಿ ತುಪ್ಪಟ ಅನ್ನುತ್ತಾರೆಯೇ ಹೊರತು ಉಣ್ಣೆ ಅನ್ನುವುದಿಲ್ಲ. ಈ ಗುಡ್ಡದ ಮೇಲೆ ಕುರಿ ಮೇಯಿಸಿದವರೂ ಇಲ್ಲ, ತುಪ್ಪಟ ಕತ್ತರಿಸಿದವರೂ ಇಲ್ಲ.

ಹಿಂದೆ ಒಮ್ಮೆ, ಸೀಗೆಹಟ್ಟಿಯಲ್ಲಿ ಇನ್ನೂ ಇಪ್ಪತ್ತೇ ಗುಡಿಸಲುಗಳಿದ್ದ ಕಾಲದಲ್ಲಿ, ಗೊಲ್ಲರ ಚಿತ್ತವ್ವ ಎಂಬ ಹೆಂಗಸಿದ್ದಳಂತೆ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಅದೇ ವರ್ಷ ತಾಯಿಯೂ ತೀರಿಕೊಂಡು, ಇನ್ನೂ ತೆವಳುತ್ತಿದ್ದ ತಮ್ಮ ಕ್ಯಾತಪ್ಪ ಅವಳ ಮಡಿಲಿಗೆ ಬಿದ್ದ. ಅವನನ್ನು ಸಾಕಿದಳು, ಮದುವೆ ಮಾಡಿದಳು, ಹಟ್ಟಿಯ ಯಜಮಾನಿಕೆಗೆ ಕೂರಿಸಿದಳು. ಈ ಕತೆ ನಡೆಯುವ ಹೊತ್ತಿಗೆ ಅವಳೇ ಹಟ್ಟಿಗೆಲ್ಲ ಹಿರಿಯಳು, ಕ್ಯಾತಪ್ಪ ಎರಡನೆಯವನು. ಕ್ಯಾತಪ್ಪನ ಮಗಳು ಸಿರಿಯಮ್ಮ ಬಾಣಂತನಕ್ಕೆಂದು ಬಂದವಳು ಎಂಟು ತಿಂಗಳ ಗಂಡುಕೂಸಿನೊಂದಿಗೆ ಅಲ್ಲೇ ಇದ್ದಳು. ಆ ಕೂಸು ಹೆತ್ತವಳಿಗಿಂತ ಹೆಚ್ಚಾಗಿ ಚಿತ್ತವ್ವನ ತೊಡೆಯ ಮೇಲೇ ನಿದ್ದೆ ಮಾಡುತ್ತಿತ್ತು. ಮಕ್ಕಳಿಲ್ಲದ ಮುದುಕಿಗೆ ಅದರ ಮೇಲೆ ಜೀವ.

ಆ ಕಾಲದಲ್ಲಿ ಹಟ್ಟಿಗೆ ದೊಡ್ಡ ಪೀಡೆ ಎಂದರೆ ಉಣ್ಣೆ. ದನದ ರಕ್ತ ಹೀರುವ ಹುಳು ಅದು. ಕಿವಿಯೊಳಗೆ, ಕೆಚ್ಚಲ ಸಂದಿಯಲ್ಲಿ, ಬಾಲದ ಬುಡದಲ್ಲಿ ಹುಣಸೆಬೀಜದಂತೆ ಊದಿಕೊಂಡು ಕೂತಿರುತ್ತದೆ. ಕಿತ್ತರೆ ಗಾಯ, ಬಿಟ್ಟರೆ ದನ ಒಣಗುತ್ತದೆ. ಒಂದು ದಿನ ಚಿತ್ತವ್ವನ ಕಪ್ಪು ಹಸು ತಪ್ಪಿಸಿಕೊಂಡು ಹಳ್ಳದಾಚೆಯ ಗುಡ್ಡಕ್ಕೆ ಹೋಗಿ, ಈ ಬೂದುಪೊದೆಯ ನಡುವೆ ಹೊರಳಾಡಿ ಬಂತು. ಸಂಜೆ ಮೈ ಸವರಿದರೆ ಉಣ್ಣೆಗಳೆಲ್ಲ ಪಟಪಟನೆ ಉದುರಿದವು. ಮಾರನೆಯ ದಿನ ಚಿತ್ತವ್ವ ಆ ಸೊಪ್ಪನ್ನು ಹೊರೆಗಟ್ಟಿ ತಂದಳು. ರೊಪ್ಪದಲ್ಲಿ, ಅಂದರೆ ದನ ಕೂಡುವ ಮುಳ್ಳುಬೇಲಿಯ ದೊಡ್ಡಿಯಲ್ಲಿ, ಅದನ್ನು ಹಾಸಿದಳು. ವಾರದೊಳಗೆ ಹಟ್ಟಿಯ ಒಂದು ದನದ ಮೈಮೇಲೂ ಉಣ್ಣೆ ಉಳಿಯಲಿಲ್ಲ. ಜನ ಅದನ್ನು ಉಣ್ಣೆಸೊಪ್ಪು ಎಂದರು, ಅದು ಬೆಳೆಯುವ ಗುಡ್ಡ ಉಣ್ಣೆಗುಡ್ಡ ಆಯಿತು. ಹೆಸರು ಹುಟ್ಟಿದ್ದು ಹೀಗೆ. ಅಲ್ಲಿಗೇ ನಿಂತಿದ್ದರೆ ಎಷ್ಟು ಚೆನ್ನಾಗಿತ್ತು.

ಸೊಪ್ಪು ದನದ ಹೊಟ್ಟೆಗೆ ಹೋದೀತು ಎಂಬ ಅಂಜಿಕೆ ಯಾರಿಗೂ ಇರಲಿಲ್ಲ. ಹಸಿ ಸೊಪ್ಪಿನ ನಾತ ಅಂಥಾದ್ದು, ದನ ಮೂಸಿ ಸೀನಿ ಹಿಂದೆ ಸರಿಯುತ್ತಿದ್ದವು. ದನ ತಿನ್ನದ ಸೊಪ್ಪೇ ಹಾಸಲು ಒಳ್ಳೆಯದು ಎಂಬುದು ದನ ಸಾಕುವವರ ಲೆಕ್ಕ. ಆ ವರ್ಷ ಹುಬ್ಬೆ ಮಳೆಯ ಜಡಿ ಹಿಡಿದಾಗ, ಕೆಸರೂ ಇಲ್ಲ ಉಣ್ಣೆಯೂ ಇಲ್ಲ ಎಂದು ಕ್ಯಾತಪ್ಪ ರೊಪ್ಪವನ್ನೇ ಗುಡ್ಡದ ಮೇಲಕ್ಕೆ ಎತ್ತಿಸಿದ. ಸುತ್ತ ಬೇಕಾದಷ್ಟು ಸೊಪ್ಪು, ಕೊಯ್ದು ಹಾಸುವುದೇ ಕೆಲಸ. ಆದರೆ ಹಾಸಿದ ಸೊಪ್ಪು ಮೂರು ದಿನಕ್ಕೆ ಬಾಡುತ್ತದೆ, ಬಾಡಿದರೆ ನಾತ ಹೋಗುತ್ತದೆ. ನಾತ ಹೋದರೂ ಒಳಗಿನ ನಂಜು ಎಲ್ಲಿಗೆ ಹೋದೀತು? ಮಳೆಗೆ ಮೇವಿಗೆ ಬಿಡಲಾಗದ ದನಗಳು ಬೇಸರಕ್ಕೋ ಹಸಿವಿಗೋ ಕಾಲಕೆಳಗಿನ ಬಾಡಿದ ಸೊಪ್ಪನ್ನು ಅಷ್ಟಷ್ಟೇ ಕಚ್ಚಿ ಎಳೆಯತೊಡಗಿದವು. ಅದನ್ನು ಯಾರೂ ನೋಡಲಿಲ್ಲ.

ಹಟ್ಟಿಯವರಿಗೆ ಖುಷಿಯೋ ಖುಷಿ. ಜಡಿಮಳೆಯಲ್ಲೂ ರೊಪ್ಪದಲ್ಲಿ ನೊಣವಿಲ್ಲ, ಗುಂಗಾಡಿಲ್ಲ, ಸೊಳ್ಳೆಯಿಲ್ಲ. ದೇವರೇ ಕಣ್ಣುಬಿಟ್ಟ ಜಾಗ ಎಂದು ಗಂಡಸರು ಹೆಗಲ ಕಂಬಳಿ ಹಾಸಿಕೊಂಡು ಅಲ್ಲೇ ಮಲಗುತ್ತಿದ್ದರು. ಚಿತ್ತವ್ವ ಮಾತ್ರ ಸಗಣಿಯನ್ನು ನೋಡುತ್ತಿದ್ದಳು. ಬೆರಣಿ ತಟ್ಟುವ ಕೆಲಸ ಅವಳದು. ಐವತ್ತು ವರ್ಷ ಸಗಣಿಯಲ್ಲಿ ಕೈಯಾಡಿಸಿದವಳು. ಸಗಣಿ ಬಿದ್ದ ಗಳಿಗೆಯೊಳಗೆ ಉಂಡೆ ಕಟ್ಟಿ ಉರುಳಿಸುವ ಕರಿಹುಳ ಬರಬೇಕು, ಎರಡನೇ ದಿನ ಅಡಿಯಲ್ಲಿ ಬಿಳಿಹುಳ ಕಾಣಬೇಕು. ಗುಡ್ಡದ ಸಗಣಿಯಲ್ಲಿ ಒಂದು ಹುಳವೂ ಇಲ್ಲ. ನಾಲ್ಕು ದಿನದ ಸಗಣಿಯನ್ನು ಕೋಲಿನಿಂದ ಕೆದಕಿದಳು, ಹಾಕಿದಂತೆಯೇ ಇತ್ತು. ಎತ್ತಿನ ಬೆನ್ನ ಮೇಲೆ ಸವಾರಿ ಮಾಡುತ್ತಿದ್ದ ಬೆಳ್ಳಕ್ಕಿಗಳೂ ಬರುವುದನ್ನು ಬಿಟ್ಟಿದ್ದವು. ತಮ್ಮನಿಗೆ ಹೇಳಿದಳು. ಅವನು ನಕ್ಕುಬಿಟ್ಟ. "ಅಲ್ಲಕ್ಕ, ನೊಣ ಬಂದ್ರೆ ನೊಣ ಅಂತೀಯ, ಹುಳ ಬರ್ದಿದ್ರೆ ಹುಳ ಇಲ್ಲ ಅಂತೀಯ. ನಿನ್ನ ಸೊಪ್ಪಿನ ಮಹಿಮೆ ಅದು, ಸುಮ್ಕಿರು," ಎಂದ. ಹೊಗಳಿಕೆ ಯಾರಿಗೆ ಬೇಡ, ಅವಳೂ ಸುಮ್ಮನಾದಳು. ಆ ಸುಮ್ಮನಾದದ್ದನ್ನು ಅವಳು ಆಮೇಲೆ ಸಾಯುವತನಕ ಮರೆಯಲಿಲ್ಲ ಎನ್ನುತ್ತಾರೆ.

ಆ ಹಟ್ಟಿಯಲ್ಲಿ ವರ್ಷಕ್ಕೊಮ್ಮೆ ಹಾಲುಬಾನ ಎಂಬ ಹಬ್ಬವಿತ್ತು. ಹಬ್ಬಕ್ಕೆ ಇಪ್ಪತ್ತೊಂದು ದಿನ ಮುಂಚೆ ಹಾಲನ್ನು ಮೀಸಲು ಬಿಡುತ್ತಿದ್ದರು. ಆ ದಿನಗಳಲ್ಲಿ ಹಟ್ಟಿಯ ಮನುಷ್ಯರು ಹಾಲು ಮಜ್ಜಿಗೆ ಮುಟ್ಟುವಂತಿಲ್ಲ, ಇದ್ದದ್ದೆಲ್ಲ ಕರುಗಳ ಪಾಲು. ಆ ವರ್ಷ ದನ ಗುಡ್ಡ ಹತ್ತಿದ ವಾರದೊಳಗೇ ಮೀಸಲು ಶುರುವಾಗಿತ್ತು. ಹಬ್ಬದ ದಿನ ಅಷ್ಟೂ ಹಸುಗಳ ಹಾಲು ಕರೆದು, ದೊಡ್ಡ ಹಂಡೆಯಲ್ಲಿ ಕಾಲುಭಾಗಕ್ಕೆ ಬತ್ತುವಂತೆ ಕುದಿಸಿ, ಅದರಲ್ಲಿ ನವಣಕ್ಕಿ ಬೇಯಿಸಿ ಎಲ್ಲರೂ ಉಣ್ಣಬೇಕು. ಮೊದಲ ತುತ್ತು ಹಟ್ಟಿಯ ಹಿರಿಯರದು. ಅವರು ಉಂಡು, ಎಲೆಯಡಿಕೆ ಅಗಿದು, ಕೆಂಪಗೆ ಉಗುಳಬೇಕು. ಆಮೇಲೆ ಆ ವರ್ಷದ ಹಸುಗೂಸಿನ ಬಾಯಿಗೆ ಎರಡನೇ ತುತ್ತು, ಆಮೇಲೆ ಉಳಿದವರಿಗೆ. ಹಿರಿಯರು ಉಣ್ಣದೆ ಯಾರೂ ಉಣ್ಣುವಂತಿಲ್ಲ. ಈ ಕಟ್ಟಳೆಯನ್ನು ಹಳಬರು ಯಾಕೆ ಮಾಡಿದ್ದರೋ, ಅಷ್ಟು ಹೊತ್ತಿಗೆ ಎಲ್ಲರೂ ಮರೆತಿದ್ದರು. ಆ ವರ್ಷದ ಹಸುಗೂಸು ಎಂದರೆ ಸಿರಿಯಮ್ಮನ ಮಗ.

ಮೀಸಲು ಬಿಟ್ಟ ಹತ್ತನೇ ದಿನಕ್ಕೆ ಒಂದು ಕರು ಸತ್ತಿತು, ಹದಿನೈದನೇ ದಿನಕ್ಕೆ ಇನ್ನೊಂದು. ದೃಷ್ಟಿಯಾಯಿತು ಎಂದು ಕ್ಯಾತಪ್ಪ ಉಳಿದವುಗಳ ಕೊರಳಿಗೆ ಕರಿದಾರ ಕಟ್ಟಿಸಿದ. ಮೂರನೇ ಕರು ಸಾಯುವಾಗ ಚಿತ್ತವ್ವ ಹತ್ತಿರವೇ ಇದ್ದಳು. ಮೊಲೆ ಅದರ ಬಾಯೊಳಗೇ ಇತ್ತು, ಚೀಪಲಾಗುತ್ತಿರಲಿಲ್ಲ. ದವಡೆ ಸೆಟೆದು ನಿಂತಿತ್ತು, ಹಾಲು ಕಟಬಾಯಿಯಿಂದ ಸೋರಿಹೋಗುತ್ತಿತ್ತು. ಹೀಗೆ ಸತ್ತ ಕರುವನ್ನು ಅವಳು ಎಂದೂ ಕಂಡವಳಲ್ಲ.

ಹಬ್ಬದ ದಿನ ಬೆಳಗ್ಗೆ, ಪದ್ಧತಿಯಂತೆ, ಮೊದಲ ಹಾಲನ್ನು ಗುಡ್ಡದ ಬುಡದ ಹುತ್ತಕ್ಕೆ ಎರೆದು ಬಂದಳು. ಬಿಸಿಲೇರಿದ ಮೇಲೆ ಅಲ್ಲಿ ಹಚ್ಚಿಟ್ಟಿದ್ದ ಹಣತೆ ತರಲೆಂದು ಹೋದವಳು ಬಗ್ಗಿ ನೋಡಿದಳು. ಹಾಲಿನ ಕಲೆಯ ಸುತ್ತ ಎಳ್ಳು ಚೆಲ್ಲಿದಂತೆ ಇರುವೆಗಳು ಸತ್ತು ಬಿದ್ದಿದ್ದವು. ಮುಟ್ಟಿ ನೋಡಿದಳು, ಒಂದೂ ಮಿಸುಕಲಿಲ್ಲ. ಸಗಣಿಯ ಹುಳ, ಬೆಳ್ಳಕ್ಕಿ, ಕರುವಿನ ದವಡೆ, ಎಲ್ಲ ಒಂದರ ಹಿಂದೊಂದು ಅವಳ ಕಣ್ಣ ಮುಂದೆ ಬಂದು ನಿಂತವು. ಮೇಲೆ ರೊಪ್ಪದ ಕಡೆ ನೋಡಿದರೆ ಅವಳ ಕಪ್ಪು ಹಸು ತಲೆತಗ್ಗಿಸಿ ಒಣಸೊಪ್ಪನ್ನು ಎಳೆಯುತ್ತಿತ್ತು. ಹಟ್ಟಿಯಂಗಳದಲ್ಲಿ ಹಂಡೆ ಕುದಿಯುವ ಸಿಹಿವಾಸನೆ ಅಲ್ಲಿಯವರೆಗೂ ಬರುತ್ತಿತ್ತು. ಮುದುಕಿ ಹಣತೆಯನ್ನು ಅಲ್ಲೇ ಬಿಟ್ಟು ಹಟ್ಟಿಯ ಕಡೆ ಬೇಗಬೇಗ ಹೆಜ್ಜೆ ಹಾಕಿದಳು.

ಅಂಗಳದಲ್ಲಿ ಎಲ್ಲರೂ ಸಾಲಾಗಿ ಕೂತಿದ್ದರು. ಮುತ್ತುಗದೆಲೆಯ ತುಂಬ ಹಾಲುಬಾನ ಬಡಿಸಿ ಮೊದಲ ತುತ್ತಿಗೆಂದು ಚಿತ್ತವ್ವನ ಮುಂದೆ ಇಟ್ಟರು. ಪಕ್ಕದಲ್ಲೇ ಸಿರಿಯಮ್ಮ ಕೂಸಿಗೆ ಹೊಸ ಕುಲಾವಿ ಕಟ್ಟಿ ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ಅನ್ನದ ಹಬೆ ಕಂಡು ಕೂಸು ಕೈಚಾಚಿತು. ಚಿತ್ತವ್ವ ಎಲೆಯನ್ನು ಮುಂದಕ್ಕೆ ತಳ್ಳಿ, "ಉಣ್ಣೆ," ಎಂದಳು. ಒಲ್ಲೆ, ಬಾರೆ ಅನ್ನುವ ಹಾಗೆ, ಉಣ್ಣುವುದಿಲ್ಲ ಎನ್ನಲು ಉಣ್ಣೆ.

ಜನಕ್ಕೆ ಮೊದಲು ಅರ್ಥವೇ ಆಗಲಿಲ್ಲ. ಎಲೆಯಲ್ಲಿ ಉಣ್ಣೆಹುಳ ಬಿದ್ದಿದೆಯೋ ಎಂದು ಒಬ್ಬ ಬಗ್ಗಿ ನೋಡಿದನಂತೆ. ಕ್ಯಾತಪ್ಪನಿಗೆ ಅರ್ಥವಾಯಿತು, ಮುಖ ಕೆಂಪಗಾಯಿತು. "ಅಕ್ಕ, ಇದು ದೇವರ ಮೀಸಲು," ಎಂದ.

"ಹಾಲಲ್ಲಿ ನಂಜೈತೆ ಕಣಪ್ಪ. ಹುತ್ತದ ತಾವ ಇರುವೆ ಸತ್ತು ಬಿದ್ದವೆ, ಹೋಗಿ ನೋಡು. ನಾನು ಉಣ್ಣೆ."

"ದೇವರ ಮೀಸಲಿಗೆ ಬಾಯಿ ಹಾಕಿದ್ವು, ಸತ್ವು. ಅದಕ್ಯಾಕೆ ಇಷ್ಟು ರಾದ್ಧಾಂತ?"

"ಕರುಗಳೂ ಮೀಸಲಿಗೆ ಬಾಯಿ ಹಾಕಿದ್ವಾ? ಅವಕ್ಕೆ ನಾವೇ ಬಿಟ್ಟಿದ್ವಲ್ಲೋ. ಸೊಪ್ಪಿನ ನಂಜು ಅದು. ದನ ತಿಂದವೆ, ಹಾಲಿಗಿಳಿದೈತೆ."

"ಸೊಪ್ಪು ತಂದೋಳು ಯಾರು?" ಎಂದು ಕ್ಯಾತಪ್ಪ ಎಲ್ಲರಿಗೂ ಕೇಳುವ ಹಾಗೆ ಕೇಳಿದ. ಚಿತ್ತವ್ವ ತಲೆತಗ್ಗಿಸಲಿಲ್ಲ. "ನಾನೇ. ಅದಕ್ಕೇ ಹೇಳ್ತಿರೋದು. ಉಣ್ಣೆ," ಎಂದು ಮೂರನೇ ಸಲವೂ ಅಂದಳು.

ಹಿರಿಯರು ಮೂರು ಸಲ ಒಲ್ಲೆನೆಂದರೆ ಅವರನ್ನು ಸತ್ತವರೆಂದೇ ತಿಳಿದು ಮುಂದಿನವರು ತುತ್ತು ತೆಗೆದುಕೊಳ್ಳಬೇಕು ಎಂಬುದು ಆ ಹಟ್ಟಿಯ ಕಟ್ಟಳೆ. ಮುಂದಿನವನು ಕ್ಯಾತಪ್ಪನೇ. ಅಕ್ಕ ಅವನ ರಟ್ಟೆ ಹಿಡಿದುಕೊಂಡಳು. ಎದೆಗೊತ್ತಿಕೊಂಡು ಬೆಳೆಸಿದ ತಮ್ಮ, ಆವತ್ತು ಅವಳ ಕೈಯನ್ನು ಕೊಡವಿಬಿಟ್ಟ. ಸಿಟ್ಟಿನ ಮನುಷ್ಯ, ಒಂದು ತುತ್ತಲ್ಲ, ಅಕ್ಕನಿಗೆ ತೋರಿಸಲೆಂದೇ ಎಲೆಯ ಮೇಲಿದ್ದದ್ದನ್ನೆಲ್ಲ ಬಳಿದು ಉಂಡ. ಆಮೇಲೆ ವೀಳ್ಯದೆಲೆಗೆ ಸುಣ್ಣ ಸವರಿ, ಅಡಿಕೆಯಿಟ್ಟು ಬಾಯಿಗೆ ಹಾಕಿಕೊಂಡು, ಎಲ್ಲರನ್ನೂ ನೋಡುತ್ತ ಅಗಿಯತೊಡಗಿದ. ಸಿರಿಯಮ್ಮ ಎರಡನೇ ತುತ್ತನ್ನು ಬೆರಳ ತುದಿಗೆ ತೆಗೆದುಕೊಂಡು ಅಪ್ಪ ಉಗುಳುವುದನ್ನೇ ಕಾಯುತ್ತಿದ್ದಳು.

ಅಗಿಯುವುದು ನಿಧಾನವಾಯಿತು. ಅಡಿಕೆ ಗಟ್ಟಿಯೇನೋ ಎಂಬಂತೆ ಕ್ಯಾತಪ್ಪ ಒಮ್ಮೆ ದವಡೆ ಹಿಡಿದುಕೊಂಡ. ಇನ್ನೊಮ್ಮೆ ಅಗಿಯಲು ಹೋದ, ಆಗಲಿಲ್ಲ. ಬಾಯಿ ಅರೆತೆರೆದಂತೆಯೇ ನಿಂತಿತು, ಎಲೆಯಡಿಕೆ ಹಾಗೆಯೇ ಜಾರಿ ಎದೆಯ ಮೇಲೆ ಬಿತ್ತು. ಉಗುಳು ಬಿತ್ತೆಂದೇ ತಿಳಿದು ಸಿರಿಯಮ್ಮ ಬೆರಳನ್ನು ಕೂಸಿನ ಬಾಯಿಗೆ ಒಯ್ದಳು. ಕ್ಯಾತಪ್ಪ ಕೂಗಲು ಹೋದರೆ ದನಿ ಹೊರಡಲಿಲ್ಲ. ಅವನು ಅಕ್ಕನ ಕಡೆ ನೋಡಿದ. ಚಿತ್ತವ್ವ ಸಿರಿಯಮ್ಮನ ಕೈಯನ್ನು ಹೊಡೆದು ಕೂಸನ್ನು ಕಸಿದುಕೊಂಡಳು. ಅದೇ ಗಳಿಗೆಗೆ ಅವನು ಇದ್ದಬದ್ದ ಬಲವನ್ನೆಲ್ಲ ಕೂಡಿಸಿ ಕುದಿಯುವ ಹಂಡೆಯನ್ನು ಕಾಲಿಂದ ಒದ್ದು ಉರುಳಿಸಿದ. ಹಾಲುಬಾನ ಅಂಗಳದ ತುಂಬ ಹರಿಯಿತು. ಹೊತ್ತು ಮುಳುಗುವ ಮುಂಚೆ ಕ್ಯಾತಪ್ಪ ತೀರಿಕೊಂಡ. ಕೂಸಿನ ತುಟಿಗೆ ಒಂದು ಅಗುಳೂ ತಾಗಿರಲಿಲ್ಲ.

ಹಟ್ಟಿಯವರು ದನಗಳನ್ನು ಗುಡ್ಡದಿಂದ ಇಳಿಸಿ ರೊಪ್ಪವನ್ನು ಸುಟ್ಟರು. ಸೊಪ್ಪು ಸುಟ್ಟ ಹೊಗೆ ಹೋದ ದಿಕ್ಕಿನಲ್ಲಿ ಹೆಜ್ಜೇನಿನ ಗೂಡೊಂದು ಪೂರ್ತಿ ಉದುರಿಬಿತ್ತು ಎನ್ನುತ್ತಾರೆ. ಚಿತ್ತವ್ವನ ಮೇಲೆ ಯಾರೂ ತಪ್ಪು ಹೊರಿಸಲಿಲ್ಲ, ನಮ್ಮ ಮಕ್ಕಳನ್ನು ಉಳಿಸಿದಳೆಂದು ಕಾಲಿಗೆ ಬಿದ್ದರು. ಅವಳಿಗೆ ಅದು ಬೇಕಿರಲಿಲ್ಲ. ತಮ್ಮನ ತಿಥಿ ಮುಗಿದ ದಿನ ಗುಡ್ಡ ಹತ್ತಿ, ಸುಟ್ಟ ರೊಪ್ಪದ ಬೂದಿಯ ಪಕ್ಕ ಕೂತುಬಿಟ್ಟಳು. ಸಿರಿಯಮ್ಮ ದಿನವೂ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು, ಮುದ್ದೆ ಸಾರು ಹೊತ್ತು ಹತ್ತಿ ಬರುತ್ತಿದ್ದಳು. "ಉಂಡ್ಯೇನತ್ತೆ? ಒಂದು ತುತ್ತು ಉಣ್ಣು," ಎನ್ನುತ್ತಿದ್ದಳು. ಚಿತ್ತವ್ವ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಮಲಗಿದ ಮೇಲೆ ಹಿಂದಕ್ಕೆ ಕೊಟ್ಟು, "ಉಣ್ಣೆ," ಎನ್ನುತ್ತಿದ್ದಳು. ಅಂಗಳದಲ್ಲಿ ಅಂದ ಉಣ್ಣೆ ಆ ಕೂಸನ್ನು ಉಳಿಸಲು ಅಂದದ್ದು. ಇದು ಉಳಿಸಲಾಗದ ತಮ್ಮನಿಗಾಗಿ. ಹತ್ತೊಂಬತ್ತನೇ ದಿನ ಸಿರಿಯಮ್ಮ ಕೇಳಿದಾಗ ಉತ್ತರ ಬರಲಿಲ್ಲ.

ಗುಡ್ಡದ ಹೆಸರಿನಲ್ಲಿ ಒಂದಕ್ಷರವೂ ಬದಲಾಗಲಿಲ್ಲ, ಅರ್ಥ ಮಾತ್ರ ಆವತ್ತಿನಿಂದ ಬೇರೆಯಾಯಿತು. ಸೀಗೆಹಟ್ಟಿಯವರೆಲ್ಲ ತಾವು ಆ ಕೂಸಿನ ಸಂತತಿ ಎಂದೇ ಹೇಳಿಕೊಳ್ಳುತ್ತಾರೆ. ಇಂದಿಗೂ ನೆತ್ತಿಗೆ ಹೋದವರಿಗೆ ಚಿತ್ತವ್ವ ಕೂತಿದ್ದ ಜಾಗದಲ್ಲಿ ಒಂದು ಚಪ್ಪಡಿಯ ಮುಂದೆ ಮುತ್ತುಗದ ಊಟದೆಲೆಗಳು ಬೋರಲು ಹಾಕಿರುವುದು ಕಾಣುತ್ತದೆ, ಗಾಳಿಗೆ ಹಾರದಂತೆ ಒಂದೊಂದರ ಮೇಲೂ ಕಲ್ಲಿಟ್ಟಿರುತ್ತಾರೆ. ನೈವೇದ್ಯವಿಲ್ಲ, ಹಣ್ಣುಕಾಯಿಯಿಲ್ಲ. ಬುತ್ತಿ ಕಟ್ಟಿಕೊಂಡು ಬಂದವರು ಕೆಳಗಿಳಿದೇ ಬಿಚ್ಚಬೇಕು. ನಮ್ಮ ನಾಡಿನಲ್ಲಿ ಎದುರಾದವರನ್ನು ಉಂಡಿರಾ ಎಂದು ಕೇಳದೆ ಮಾತೇ ಶುರುವಾಗುವುದಿಲ್ಲವಷ್ಟೆ. ಈ ಗುಡ್ಡದ ಮೇಲೆ ಮಾತ್ರ ಹಟ್ಟಿಯವರು ಯಾರನ್ನೂ ಅದನ್ನು ಕೇಳುವುದಿಲ್ಲ. ತಿಳಿಯದ ಹೊರಗಿನವರು ಯಾರಾದರೂ ಎಲೆ ಹೊತ್ತು ಬಂದ ಮುದುಕಿಯನ್ನು ಊಟ ಆಯ್ತಾ ಅವ್ವ ಎಂದು ಕೇಳಿಬಿಟ್ಟರೆ, ಆಕೆ ಎಲೆಯನ್ನು ಬೋರಲು ಹಾಕಿ, ಕಲ್ಲಿಟ್ಟು, ಇಳಿದು ಹೋಗುತ್ತಾಳೆ.